ಮಳೆ ಬಂದ ರಾತ್ರಿ ಮೈಕಿನ ಮುಂದೆ ಯಾರಿರುತ್ತಾರೆ?

2023ರ ಮೇ 21, ಭಾನುವಾರ ಮಧ್ಯಾಹ್ನ. ಗಾಳಿಯೊಂದಿಗೆ ಸುರಿದ ಮಳೆಗೆ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್ ತುಂಬಿಹೋಯಿತು. ನೀರಿನ ಆಳ ತಿಳಿಯದೆ ಒಳಗಿಳಿದ ಕಾರು ಮುಳುಗಿತು. ಅದರಲ್ಲಿದ್ದ 22 ವರ್ಷದ ಹುಡುಗಿಯೊಬ್ಬಳು ಬದುಕಲಿಲ್ಲ. ಆ ಅಂಡರ್‌ಪಾಸಿನಿಂದ ರಾಜಭವನ ರಸ್ತೆಯ ಆಕಾಶವಾಣಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಆ ಸಾವನ್ನು ನಾನು ರೇಡಿಯೊದ ಲೆಕ್ಕಕ್ಕೆ ಬರೆಯುತ್ತಿಲ್ಲ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ರೇಡಿಯೊ ಇದೆ. ‘ಕೆ.ಆರ್. ಸರ್ಕಲ್ ಅಂಡರ್‌ಪಾಸಿಗೆ ಇಳಿಯಬೇಡಿ’ ಎಂದು ಹೇಳಲು ಐದು ಸೆಕೆಂಡು ಸಾಕು. ರಜೆಯ ದಿನ, ಮಳೆ ಶುರುವಾದ ಹತ್ತು ನಿಮಿಷದೊಳಗೆ, ಅಷ್ಟನ್ನು ಹೇಳಬಲ್ಲ ಮನುಷ್ಯರು ಈ ನಗರದ ಸ್ಟುಡಿಯೊಗಳಲ್ಲಿ ಇನ್ನೆಷ್ಟು ವರ್ಷ ಇರುತ್ತಾರೆ?

ಹಲಸೂರಿನ ನಮ್ಮ ಬೀದಿಯ ಇಸ್ತ್ರಿ ಗಾಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ರೇಡಿಯೊ ಹಾಡುತ್ತಿರುತ್ತದೆ. ‘ಯಾವ ಸ್ಟೇಷನ್ ಅಣ್ಣ?’ ಅಂತ ಕೇಳಿದರೆ, ‘ಯಾವುದಾದ್ರೇನು ಸಾರ್, ಎಲ್ಲಾದ್ರಲ್ಲೂ ಅದೇ ಬರುತ್ತೆ’ ಅಂದರು. ಬೇಸರದಿಂದ ಹೇಳಿದ ಮಾತಲ್ಲ ಅದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಬರೆಯಹೊರಟಿರುವ ಅಪಾಯದ ಅರ್ಧ ಭಾಗ ಆ ಮಾತಿನಲ್ಲೇ ಇದೆ.

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬಾಯಿ ಬಿಟ್ಟದ್ದು ಬೆಂಗಳೂರಿನಲ್ಲೇ. 2001ರ ಜುಲೈ 3ರಂದು ರೇಡಿಯೊ ಸಿಟಿ 91.1 ಶುರುವಾದಾಗ ಅದರ ಹಿಂದೆ ಸ್ಟಾರ್ ಸಮೂಹವಿತ್ತು. ಆಮೇಲೆ ಅದು ಹೂಡಿಕೆ ನಿಧಿಯೊಂದರ ಕೈಗೆ ಹೋಯಿತು, 2015ರಲ್ಲಿ ಕಾನ್ಪುರ ಮೂಲದ ಜಾಗರಣ್ ಸಮೂಹದ ಪಾಲಾಯಿತು. ರೇಡಿಯೊ ಒನ್ 94.3 ಅನ್ನು ದೆಹಲಿಯ ಎಚ್‌ಟಿ ಮೀಡಿಯಾ ತನ್ನದಾಗಿಸಿಕೊಂಡಿತು; ಅಷ್ಟರಲ್ಲಾಗಲೇ ಫೀವರ್ 104 ಅದರ ಬಳಿ ಇತ್ತು. ಮಿರ್ಚಿ 98.3 ಮತ್ತು 95 ಎರಡೂ ಒಂದೇ ಮನೆಯವು. ರಿಲಯನ್ಸ್ ಕಟ್ಟಿದ ಬಿಗ್ 92.7 ದಿವಾಳಿ ಪ್ರಕ್ರಿಯೆಗೆ ಸಿಕ್ಕಿ, 2024ರಲ್ಲಿ ಸಫೈರ್ ಮೀಡಿಯಾಕ್ಕೆ ದಾಟಿತು. ಹೆಸರು, ನಂಬರು ಹಾಗೇ ಉಳಿದಿದ್ದರಿಂದ ಮನೆ ಕೈಬದಲಾದದ್ದು ಕೇಳುಗನಿಗೆ ಗೊತ್ತೇ ಆಗಲಿಲ್ಲ.

ಗೊತ್ತಾಗಬೇಕಿತ್ತು. ಮೂರನೇ ಹಂತದ ಎಫ್‌ಎಂ ನೀತಿಯಲ್ಲಿ ಎರಡು ಬೇಲಿಗಳಿದ್ದವು. ದೇಶದ ಒಟ್ಟು ಚಾನೆಲ್‌ಗಳಲ್ಲಿ ಶೇ. 15ಕ್ಕಿಂತ ಹೆಚ್ಚು ಒಬ್ಬರ ಕೈಯಲ್ಲಿ ಇರಕೂಡದು. ಒಂದು ನಗರದಲ್ಲಿ ಶೇ. 40 ಮೀರಕೂಡದು, ಕನಿಷ್ಠ ಮೂವರು ಬೇರೆಬೇರೆ ಒಡೆಯರು ಇರಬೇಕು. ಮೊದಲ ಬೇಲಿಯನ್ನು ಕೇಂದ್ರ ಸರ್ಕಾರ 2022ರಲ್ಲಿ ಕಿತ್ತುಹಾಕಿತು. ಜಾಹೀರಾತಿನ ಹಣ ಮೊಬೈಲಿನ ಕಡೆ ಹರಿಯುತ್ತಿರುವಾಗ ಕಂಪನಿಗಳಿಗೆ ಇದು ಉಸಿರಾಡಲು ಜಾಗ ಕೊಟ್ಟಿತು, ನಿಜ. ಆದರೆ ಖರ್ಚು ಉಳಿಸಬೇಕಾದ ಒಡೆಯ ಮೊದಲು ಕಡಿಯುವುದು ಟ್ರಾನ್ಸ್‌ಮಿಟರಿನ ಕರೆಂಟನ್ನಲ್ಲ. ರಾತ್ರಿ ಪಾಳಿಯ ಆರ್‌ಜೆಯನ್ನು, ಭಾನುವಾರದ ಪ್ರೊಡ್ಯೂಸರನ್ನು, ಬೀದಿಗೆ ಹೋಗಿ ದನಿ ಹಿಡಿದು ತರುವವರನ್ನು. ಅವರ ಜಾಗಕ್ಕೆ ಎಲ್ಲೋ ಒಂದು ಕಡೆ ಧ್ವನಿಮುದ್ರಿಸಿಟ್ಟ ಕಾರ್ಯಕ್ರಮ ಹತ್ತು ಊರುಗಳಿಗೆ ಒಟ್ಟಿಗೆ ಹರಿಯುತ್ತದೆ. ಬ್ರಿಟನ್ನಿನಲ್ಲಿ ಇದು ಕಣ್ಣೆದುರೇ ನಡೆಯಿತು. 2018ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಸ್ಥಳೀಯ ಕಾರ್ಯಕ್ರಮದ ಗಂಟೆಗಳ ನಿಯಮ ಸಡಿಲಿಸಿತು. ಮರುವರ್ಷವೇ ಕ್ಯಾಪಿಟಲ್, ಹಾರ್ಟ್‌ನಂಥ ಸರಣಿಗಳು ಊರೂರಿನ ಬೆಳಗಿನ ಕಾರ್ಯಕ್ರಮ ನಿಲ್ಲಿಸಿ ಲಂಡನ್ನಿನ ಒಂದೇ ದನಿ ಹರಡಿದವು. 2020ರಲ್ಲಿ ಬಾವರ್ ಕಂಪನಿ ತಾನು ಕೊಂಡ ಸಣ್ಣ ಕೇಂದ್ರಗಳಲ್ಲಿ ಬಹುಪಾಲಿನ ಹೆಸರನ್ನೇ ಅಳಿಸಿತು.

ಇದರ ಕೊನೆ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಅಮೆರಿಕದ ಮೈನಾಟ್ ಊರಿನ ಕತೆ ಇದೆ. 1996ಕ್ಕೆ ಮುಂಚೆ ಅಲ್ಲಿ ಒಂದು ಕಂಪನಿಗೆ ದೇಶಾದ್ಯಂತ 40 ಕೇಂದ್ರಗಳ ಮಿತಿ ಇತ್ತು. ಮಿತಿ ತೆಗೆದ ಮೇಲೆ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ 1,200ಕ್ಕೂ ಹೆಚ್ಚು ಕೇಂದ್ರ ಕೂಡಿಹಾಕಿತು. 2002ರ ಜನವರಿ 18ರ ನಡುರಾತ್ರಿ, ಒಂದೂವರೆ ದಾಟಿದ ಹೊತ್ತು, ಮೈನಾಟ್ ಪಕ್ಕದಲ್ಲಿ ಗೂಡ್ಸ್ ರೈಲು ಹಳಿತಪ್ಪಿ ಅಮೋನಿಯಾ ಮೋಡ ಊರ ಮೇಲೆ ಕವಿಯಿತು. ಅಲ್ಲಿನ ಆರೂ ವಾಣಿಜ್ಯ ರೇಡಿಯೊ ಕೇಂದ್ರಗಳು ಕ್ಲಿಯರ್ ಚಾನೆಲ್‌ನವು. ಪೊಲೀಸರು ಫೋನು ಮಾಡಿದರು, ಎತ್ತುವವರಿರಲಿಲ್ಲ. ತುರ್ತು ಎಚ್ಚರಿಕೆಯ ಯಂತ್ರವನ್ನು ಸರಿಯಾಗಿ ಬಳಸಲಿಲ್ಲ ಎಂಬ ತಪ್ಪು ಅಧಿಕಾರಿಗಳ ಕಡೆಯೂ ಇತ್ತು. ಒಬ್ಬರು ಸತ್ತರು, ನೂರಾರು ಜನರ ಕಣ್ಣು, ಶ್ವಾಸಕೋಶಗಳಿಗೆ ಪೆಟ್ಟಾಯಿತು.

ನಗರದ ನಮ್ಮ ಪೂರ್ವ ಭಾಗಕ್ಕೆ ಅಮೋನಿಯಾ ಬೇಕಿಲ್ಲ, ನೀರೇ ಸಾಕು. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆಯಾಯಿತು. ಕೆ.ಆರ್. ಪುರ, ಮಹದೇವಪುರ, ಹೊರವರ್ತುಲ ರಸ್ತೆಯುದ್ದಕ್ಕೂ ಕೆರೆಗಳು ತಮ್ಮ ಹಳೆಯ ದಾರಿ ಹುಡುಕಿಕೊಂಡು ಮನೆಗಳಿಗೆ ನುಗ್ಗಿದವು. ನೆಲಮಾಳಿಗೆಗಳು ಮುಳುಗಿ ಕರೆಂಟು ಹೋಯಿತು. ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಸಾಗಿಸಬೇಕಾಯಿತು. 5ರ ರಾತ್ರಿ ಸಿದ್ದಾಪುರದ ಬಳಿ, ನೀರಿನಲ್ಲಿ ಸ್ಕೂಟರ್ ಕೆಟ್ಟು ನಿಂತಾಗ ವಿದ್ಯುತ್ ಕಂಬ ಹಿಡಿದ ಯುವತಿ ತೀರಿಕೊಂಡಳು. ‘ಕಂಬ ಮುಟ್ಟಬೇಡಿ, ಈ ರಸ್ತೆಗೆ ಬರಬೇಡಿ’ ಎನ್ನುವುದು ಸುದ್ದಿಯಲ್ಲ. ಟ್ರಾಫಿಕ್, ಹವಾಮಾನ, ನೈಸರ್ಗಿಕ ವಿಕೋಪದ ಮಾಹಿತಿ ಹೇಳಲು ಖಾಸಗಿ ಎಫ್‌ಎಂಗೂ ಅನುಮತಿ ಇದೆ. ಕಾನೂನು ಅಡ್ಡ ಬರುವುದಿಲ್ಲ. ಹೇಳುವ ಮನುಷ್ಯ ಸ್ಟುಡಿಯೊದಲ್ಲಿ ಇರಬೇಕು, ಸಿದ್ದಾಪುರ ಎಲ್ಲಿದೆ ಅಂತ ಅವನಿಗೆ ಗೊತ್ತಿರಬೇಕು.

ಸುದ್ದಿಯ ಮಾತು ಬೇರೆ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಮರುಪ್ರಸಾರ ಮಾಡುವುದು ಬಿಟ್ಟರೆ ಖಾಸಗಿ ಕೇಂದ್ರಗಳು ಸ್ವಂತ ಸುದ್ದಿ ಹೇಳುವಂತಿಲ್ಲ. 2012ರ ಆಗಸ್ಟ್‌ನಲ್ಲಿ ಹಲ್ಲೆಯ ಗಾಳಿಸುದ್ದಿ ಎಸ್‌ಎಂಎಸ್‌ಗಳಲ್ಲಿ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದ್ದನ್ನು ಈ ನಗರ ಮರೆತಿರಲಾರದು. ಸರ್ಕಾರ ದಿನಕ್ಕೆ ಐದು ಎಸ್‌ಎಂಎಸ್‌ಗಿಂತ ಹೆಚ್ಚು ಹೋಗದಂತೆ ಕಟ್ಟುಹಾಕಿತು. ಸುಳ್ಳಿನ ಬಾಯಿ ಮುಚ್ಚಿಸಿದರು. ಬೀದಿಬೀದಿಗೆ ನಿಜ ಹೇಳಬಲ್ಲ ಬಾಯಿಗಳಿಗೆ ಅನುಮತಿ ಮಾತ್ರ ಸಿಗಲಿಲ್ಲ. ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. ದಂಡಿನ ಪ್ರದೇಶದ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಶಿವಾಜಿನಗರದಲ್ಲಿ ಒಂದೇ ಗಲ್ಲಿಯಲ್ಲಿ ಕನ್ನಡ, ದಖ್ಖನಿ, ತಮಿಳು ಕೇಳಿಸುತ್ತವೆ. ಆ ಗಲ್ಲಿಗೆ ಎಚ್ಚರಿಕೆ ಹೇಳಬೇಕಾದವರಿಗೆ ಮೂರೂ ಬಾಯಿಗೆ ಬರಬೇಕು. ದೂರದ ಸ್ಟುಡಿಯೊಗೆ ಆ ಗಲ್ಲಿಯ ಹೆಸರೂ ತಿಳಿಯದು.

ಇನ್ನು ಅಲೆಯ ವಿಚಾರ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್. ಅದರ ಒಂದೊಂದು ಅಲೆ ಸುಮಾರು 490 ಮೀಟರ್ ಉದ್ದ. ಅಷ್ಟುದ್ದದ ಅಲೆ ನೆಲವನ್ನು ತಬ್ಬಿಕೊಂಡು, ಕಟ್ಟಡಗಳನ್ನು ಬಳಸಿಕೊಂಡು ಸಾಗುತ್ತದೆ. 200 ಕಿಲೋವ್ಯಾಟ್ ಪ್ರಸಾರಕವೊಂದು ಜಿಲ್ಲೆ ಜಿಲ್ಲೆಗಳನ್ನೇ ದಾಟಿ ಹೋಗುವುದು ಹೀಗೆ. ಎಫ್‌ಎಂ ಅಲೆಯ ಉದ್ದ ಮೂರೇ ಮೀಟರ್. ಅದಕ್ಕೆ ಹೆಚ್ಚುಕಡಿಮೆ ಕಣ್ಣಿನ ನೇರ ಬೇಕು. ಗೋಡೆಗೆ ಬಡಿದು ವಾಪಸಾದ ಅಲೆ ನೇರ ಬಂದ ಅಲೆಯ ಜೊತೆ ಕಚ್ಚಾಡಿದರೆ ದನಿ ಒಡೆಯುತ್ತದೆ. ಅದರಿಂದಾಗಿ ಎಫ್‌ಎಂ ಊರಿನದು, ಮೀಡಿಯಂ ವೇವ್ ನಾಡಿನದು. ಪ್ರಸಾರ ಭಾರತಿ ದೇಶದಾದ್ಯಂತ ಹಳೆಯ ಮೀಡಿಯಂ ವೇವ್ ಪ್ರಸಾರಕಗಳನ್ನು ಹಂತಹಂತವಾಗಿ ನಿಲ್ಲಿಸುತ್ತಿದೆ. ಖರ್ಚಿನ ದೃಷ್ಟಿಯಿಂದ ಕಾರಣ ಅರ್ಥವಾಗುತ್ತದೆ. ಆದರೆ ನಗರದ ಎಲ್ಲ ಎಫ್‌ಎಂ ಗೋಪುರಗಳು ಮಳೆಗೋ ಕರೆಂಟಿಗೋ ಸಿಕ್ಕಿ ಸುಮ್ಮನಾದ ದಿನ ಉಳಿಯುವ ಕೊನೆಯ ದನಿ 612.

ಮೊಬೈಲಿದೆಯಲ್ಲ ಎನ್ನಬಹುದು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೆ ಕೂಗಿದ್ದು ನಿಮಗೂ ನೆನಪಿರಬಹುದು; ವಿಪತ್ತಿನ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ ಅದು, ಒಳ್ಳೆಯ ವ್ಯವಸ್ಥೆ. ಆದರೆ ಅದು ಟವರ್ ಬದುಕಿದ್ದರೆ ಮಾತ್ರ, ಟವರಿನ ಬ್ಯಾಟರಿ ಇರುವುದು ಕೆಲವೇ ಗಂಟೆ. ಫೋನಿನಲ್ಲೇ ಎಫ್‌ಎಂ ಕೇಳಬಹುದಿತ್ತು. ಇಯರ್‌ಫೋನಿನ ದಾರವೇ ಆಂಟೆನಾ: ಮೂರು ಮೀಟರ್ ಅಲೆಗೆ ಕಾಲು ಅಲೆ, ಅಂದರೆ ಮುಕ್ಕಾಲು ಮೀಟರ್ ತಂತಿ ಸರಿಹೊಂದುತ್ತದೆ. ಬ್ಲೂಟೂತ್ ಬಂತು, ದಾರ ಹೋಯಿತು, ಫೋನಿನಿಂದ ತೂತೂ ಹೋಯಿತು, ಎಷ್ಟೋ ಮಾಡೆಲ್‌ಗಳಲ್ಲಿ ಎಫ್‌ಎಂ ಸೌಲಭ್ಯವೇ ಹೋಯಿತು. ಅದನ್ನು ಉಳಿಸಿ ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರಲ್ಲಿ ತಯಾರಕರಿಗೆ ಹೇಳಿದ್ದು ಸಲಹೆ, ಆದೇಶವಲ್ಲ.

ಮುಂದಿನ ತಿರುವು ಡಿಜಿಟಲ್. ಬೆಂಗಳೂರೂ ಸೇರಿದಂತೆ 13 ದೊಡ್ಡ ನಗರಗಳಿಗೆ ಡಿಜಿಟಲ್ ರೇಡಿಯೊ ನೀತಿಯನ್ನು ಟ್ರಾಯ್ 2025ರಲ್ಲಿ ಶಿಫಾರಸು ಮಾಡಿದೆ. ಒಂದೇ ತರಂಗಾಂತರದಲ್ಲಿ ಹೆಚ್ಚು ಚಾನೆಲ್, ಸ್ವಚ್ಛ ದನಿ, ಕಡಿಮೆ ವಿದ್ಯುತ್: ಲಾಭಗಳು ನಿಜವಾದವೇ. ಆದರೆ ಅನಲಾಗ್ ಅಲೆ ದುರ್ಬಲವಾದಾಗ ಗೊರಗೊರ ಅನ್ನುತ್ತಲೇ ಮಾತು ಮುಟ್ಟಿಸುತ್ತದೆ. ಡಿಜಿಟಲ್ ಒಂದು ಹಂತದವರೆಗೆ ಚೆನ್ನಾಗಿದ್ದು ಥಟ್ಟನೆ ಮೌನವಾಗುತ್ತದೆ. ಇಸ್ತ್ರಿ ಗಾಡಿಯ ಹಳೆ ಪೆಟ್ಟಿಗೆಗೆ ಅದು ಕೇಳಿಸುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಯ ದಿನ ಎಫ್‌ಎಂ ನಿಲ್ಲಿಸಿ ಕೇಳುಗರನ್ನು ಕಳೆದುಕೊಂಡಿತು. ಅಷ್ಟು ಶ್ರೀಮಂತ ದೇಶದ ಗತಿಯೇ ಹೀಗಾದರೆ ಟೆನರಿ ರೋಡಿನ ಗತಿ?

ಸ್ಥಳೀಯ ದನಿ ಇಲ್ಲದ ಈ ಬಿರುಕನ್ನು ಸಮುದಾಯ ಬಾನುಲಿ ಮುಚ್ಚಬಹುದಿತ್ತು. ದೇಶದಲ್ಲಿ ಆ ಕೂಗು ಬಲವಾಗಿ ಎದ್ದದ್ದೂ ನಮ್ಮ ಪೂರ್ವ ಬೆಂಗಳೂರಿನಿಂದಲೇ. ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ಹೇಳಿದ ಮರುವರ್ಷ, ಇಂದಿರಾನಗರದಿಂದ ಕೆಲಸ ಮಾಡುತ್ತಿದ್ದ ‘ವಾಯ್ಸಸ್’ ಸಂಸ್ಥೆ ಬಾನುಲಿಯ ಬೆಂಗಳೂರು ಘೋಷಣೆಗೆ ಜನರನ್ನು ಸೇರಿಸಿತು. ಅದರ ಕೈ ಹಿಡಿದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಹುಟ್ಟಿತು. ಗಾಳಿಯಲ್ಲಿ ಪ್ರಸಾರಕ್ಕೆ ಅನುಮತಿ ಇಲ್ಲದಾಗ ಹಳ್ಳಿಯವರು ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. 2006ರ ನೀತಿ ದಾರಿ ತೆರೆಯಿತು, ಆದರೆ 100 ವ್ಯಾಟ್‌ಗೆ ಕಟ್ಟಿಹಾಕಿತು. ಅಷ್ಟು ಶಕ್ತಿ ಐದರಿಂದ ಹತ್ತು ಕಿಲೋಮೀಟರ್ ಮುಟ್ಟುತ್ತದೆ. ಜಯನಗರದ ರೇಡಿಯೊ ಆ್ಯಕ್ಟಿವ್ 90.4, ತೃತೀಯಲಿಂಗಿಗಳಿಗೆ ಮೈಕು ಕೊಟ್ಟ ಆ ಧೈರ್ಯದ ಕೇಂದ್ರ, ಗಾಳಿದಾರಿಯಲ್ಲೇ ಸುಮಾರು 14 ಕಿಲೋಮೀಟರ್ ಆಚೆಯ ಕೆ.ಆರ್. ಪುರಕ್ಕೆ ಹೇಗೆ ಕೇಳಿಸೀತು? ಹಣದ ದಾರಿಯೂ ಕಿರಿದೇ: ಇಂಥ ಕೇಂದ್ರಗಳ ಜಾಹೀರಾತಿನ ಮಿತಿಯನ್ನು ಗಂಟೆಗೆ 7ರಿಂದ 12 ನಿಮಿಷಕ್ಕೆ ಏರಿಸಿದ್ದು 2024ರಲ್ಲಿ.

ಕೇಂದ್ರವೊಂದು ಊರು ಬಿಟ್ಟರೆ ಮರಳಿ ಬರಲು ಎಷ್ಟು ಕಾಲ ಬೇಕು ಎಂಬುದು ನಮ್ಮ ಇತಿಹಾಸದಲ್ಲೇ ಇದೆ. 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟ್ ಪ್ರಸಾರಕದಿಂದ ‘ಆಕಾಶವಾಣಿ’ ಆರಂಭಿಸಿದರು. ಅದು ಸಂಸ್ಥಾನದ ಕೈಗೆ, ಆಮೇಲೆ ಕೇಂದ್ರದ ಕೈಗೆ ಹೋಗಿ 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂತು. ಆಕಾಶವಾಣಿ ಎಂಬ ಹೆಸರನ್ನೇ ದೇಶಕ್ಕೆ ಕೊಟ್ಟ ಮೈಸೂರು ತನ್ನದೇ ಕೇಂದ್ರಕ್ಕಾಗಿ 1974ರವರೆಗೆ ಕಾಯಿತು.

2015ರ ಏಪ್ರಿಲ್ 1ರಿಂದ ಮೂರನೇ ಹಂತಕ್ಕೆ ದಾಟಿದ ಎಫ್‌ಎಂ ಕೇಂದ್ರಗಳ 15 ವರ್ಷದ ಪರವಾನಗಿ 2030ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸ ಷರತ್ತುಗಳನ್ನು ಬರೆಯುವ ಕೆಲಸ ಅದಕ್ಕೂ ಮುಂಚೆ ನಡೆಯಬೇಕು. ಟ್ರಾಯ್ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಕಂಪನಿಗಳ ವಕೀಲರ ಜೊತೆ ಹಲಸೂರಿನವರ ಕಾಗದವೂ ಹೋಗಬೇಕು. ನನ್ನ ಕಾಗದದಲ್ಲಿ ಇರುವುದು ಇಷ್ಟು: ನಗರದ ಶೇ. 40ರ ಬೇಲಿ ಕೀಳಬೇಡಿ, 612 ಅನ್ನು ಆರಿಸಬೇಡಿ, ಕೆ.ಆರ್. ಪುರ, ಹೊಸಕೋಟೆ ಕಡೆಯ ಸಮುದಾಯ ಕೇಂದ್ರಗಳಿಗೆ ಹೆಚ್ಚಿನ ವ್ಯಾಟ್ ಕೊಡಿ. ಮೇ ತಿಂಗಳಿಂದ ನವೆಂಬರ್‌ವರೆಗೆ, ಹಗಲೂ ರಾತ್ರಿ, ಪ್ರತಿ ಕೇಂದ್ರದಲ್ಲೂ ಬೆಂಗಳೂರಿನೊಳಗೇ ಕೂತ ಒಬ್ಬರು ಮೈಕ್ ತೆರೆಯಲು ಸಿದ್ಧವಿರಬೇಕೆಂದು ಪರವಾನಗಿಯಲ್ಲೇ ಬರೆಯಿರಿ, ಅವರ ಫೋನ್ ನಂಬರ್ ಟ್ರಾಫಿಕ್ ಪೊಲೀಸ್ ಕಂಟ್ರೋಲ್ ರೂಮಿನ ಗೋಡೆಯ ಮೇಲಿರಲಿ.