ಕಡ್ಡಿ ತುಂಡು ಮಾಡಿದಂಥ ಮಾತು: ಲಿನಸ್ ಟೋರ್ವಾಲ್ಡ್ಸ್ ಮತ್ತು ಕೋಡಿನ ಜಗಳಗಳು

ಕಂಪ್ಯೂಟರಿನ ಯಂತ್ರಭಾಗಗಳಿಗೂ ಬಳಕೆದಾರರು ತೆರೆಯುವ ಆ್ಯಪ್‌ಗಳಿಗೂ ನಡುವೆ ನಿಂತು, ಯಾವ ಕೆಲಸಕ್ಕೆ ಎಷ್ಟು ಮೆಮೊರಿ, ಪ್ರೊಸೆಸರಿನ ಸರದಿ ಯಾರಿಗೆ ಯಾವಾಗ ಎಂಬುದನ್ನೆಲ್ಲ ಹಂಚಿಕೊಡುವ ತಂತ್ರಾಂಶದ ತಿರುಳಿಗೆ ಕರ್ನಲ್ ಎಂದು ಹೆಸರು. ಆಂಡ್ರಾಯ್ಡ್ ಫೋನುಗಳಲ್ಲಿ, ಅಂತರಜಾಲದ ಬಹುಪಾಲು ಸರ್ವರ್‌ಗಳಲ್ಲಿ, 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವ ಎಲ್ಲದರಲ್ಲೂ ಓಡುತ್ತಿರುವುದು ಲಿನಕ್ಸ್ ಕರ್ನಲ್. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಅದನ್ನು ಹವ್ಯಾಸವಾಗಿ ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್, ಮೂರು ದಶಕ ಕಳೆದ ಮೇಲೂ ಅದರೊಳಗೆ ಯಾವ ಕೋಡ್ ಸೇರಬೇಕು, ಯಾವುದು ಸೇರಬಾರದು ಎಂಬುದರಲ್ಲಿ ಕೊನೆಯ ಮಾತು ಹೇಳುವವರಾಗಿ ಉಳಿದಿದ್ದಾರೆ. ಆ ಕೊನೆಯ ಮಾತು ಎಷ್ಟೋ ಸಲ ಖಾರವಾಗಿರುತ್ತದೆ. ಖಾರದ ಹಿಂದೆ ಒಂದು ವಿಚಾರಕ್ರಮವಿದೆಯೇ, ಅಥವಾ ಅದು ಬರಿಯ ಮುಂಗೋಪವೇ ಎಂಬ ಚರ್ಚೆಯೂ ಅಷ್ಟೇ ಹಳೆಯದು.

1992ರ ಜನವರಿಯಲ್ಲಿ ಆಂಡ್ರ್ಯೂ ಟನೆನ್‌ಬಾಮ್ ಎಂಬ ಹೆಸರಾಂತ ಪ್ರಾಧ್ಯಾಪಕರು ಲಿನಕ್ಸ್ ಹುಟ್ಟುವಾಗಲೇ ಹಳತಾಗಿದೆ ಎಂದು ಸಾರ್ವಜನಿಕವಾಗಿ ಟೀಕಿಸಿದ್ದರು. ಕರ್ನಲ್ಲನ್ನು ಪುಟ್ಟದಾಗಿಟ್ಟು ಉಳಿದ ಕೆಲಸಗಳನ್ನೆಲ್ಲ ಹೊರಗಿನ ಬೇರೆಬೇರೆ ಪ್ರೋಗ್ರಾಮ್‌ಗಳಿಗೆ ವಹಿಸುವ ಮೈಕ್ರೋಕರ್ನಲ್ ವಿನ್ಯಾಸವೇ ಭವಿಷ್ಯ, ಎಲ್ಲವನ್ನೂ ಒಂದೇ ಮುದ್ದೆಯಾಗಿ ಕಟ್ಟುವ ಲಿನಕ್ಸ್‌ನ ಕ್ರಮ ಹಿನ್ನಡೆ ಎಂಬುದು ಅವರ ವಾದ. ಆಗ 22 ವರ್ಷದವರಾಗಿದ್ದ ಟೋರ್ವಾಲ್ಡ್ಸ್, ಸಿದ್ಧಾಂತದ ಚೆಲುವಿಗಿಂತ ಈ ಹೊತ್ತು ಕೈಗೆ ಸಿಕ್ಕು ಕೆಲಸ ಮಾಡುವ ತಂತ್ರಾಂಶವೇ ಮೇಲು ಎಂಬ ಧಾಟಿಯಲ್ಲಿ ಹಿಂದೆಮುಂದೆ ನೋಡದೆ ಉತ್ತರಿಸಿದರು; ಮರುದಿನ ಮಾತಿನ ಬಿರುಸಿಗೆ ಕ್ಷಮೆಯನ್ನೂ ಕೇಳಿದರು. ವಾದದಲ್ಲಿ ಯಾರು ಗೆದ್ದರು ಎಂಬುದು ಇಂದಿಗೂ ಪಂಡಿತರ ನಡುವೆ ಇತ್ಯರ್ಥವಾಗಿಲ್ಲ.

ಮುಂದಿನ ವರ್ಷಗಳ ಅವರ ನಿಲುವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಮೇಲ್ನೋಟಕ್ಕೆ ಸಿಡುಕಿನಂತೆ ಕಾಣುವ ಬಹುಪಾಲು ಮಾತುಗಳ ಬೇರು ಒಂದೇ ಪ್ರಶ್ನೆಯಲ್ಲಿದೆ ಎಂಬುದು ಹೊಳೆಯುತ್ತದೆ: ಇಂದು ಬರೆದ ಈ ಸಾಲನ್ನು ಇನ್ನು ಇಪ್ಪತ್ತು ವರ್ಷ ಸಾಕಿ ಸಲಹುವವರು ಯಾರು? ಬರೆದವರು ಕೆಲಸ ಬದಲಿಸಿ ಹೋಗಿರುತ್ತಾರೆ, ಬರೆಸಿದ ಕಂಪನಿ ಆಸಕ್ತಿ ಕಳೆದುಕೊಂಡಿರುತ್ತದೆ, ಕೋಡ್ ಮಾತ್ರ ಅಲ್ಲೇ ಉಳಿದಿರುತ್ತದೆ.

ಈ ಕಾಳಜಿ ಅವರಲ್ಲಿ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ ಎಂಬುದು 2016ರ ಟೆಡ್ ಸಂವಾದದಲ್ಲಿ ಅವರು ತೋರಿಸಿದ ಕೆಲವೇ ಸಾಲುಗಳ ಉದಾಹರಣೆಯಿಂದ ತಿಳಿಯುತ್ತದೆ. ಲಿಂಕ್ಡ್ ಲಿಸ್ಟ್ ಎಂಬುದು ಮಾಹಿತಿಯ ತುಣುಕುಗಳ ಸರಪಳಿ. ಪ್ರತಿ ತುಣುಕಿನಲ್ಲೂ ಮುಂದಿನದು ಎಲ್ಲಿದೆ ಎಂಬ ವಿಳಾಸ ಬರೆದಿರುತ್ತದೆ. ನಡುವಿನ ಒಂದನ್ನು ತೆಗೆಯಬೇಕಾದರೆ ಅದರ ಹಿಂದಿನ ತುಣುಕಿನಲ್ಲಿರುವ ವಿಳಾಸವನ್ನು ತಿದ್ದಿ ಮುಂದಿನದಕ್ಕೆ ಜೋಡಿಸಿದರಾಯಿತು. ಮೊದಲನೆಯದಕ್ಕಾದರೆ ಹಿಂದಿನದೇ ಇಲ್ಲವಾದ್ದರಿಂದ, ತರಗತಿಯಲ್ಲಿ ಕಲಿತಂತೆ ಬರೆಯುವವರು ‘ತೆಗೆಯಬೇಕಾದದ್ದು ಮೊದಲನೆಯದೇ?’ ಎಂದು ಪರೀಕ್ಷಿಸುವ ಒಂದು ಇಫ್ ಸಾಲನ್ನು ಸೇರಿಸುತ್ತಾರೆ. ಟೋರ್ವಾಲ್ಡ್ಸ್ ಮೆಚ್ಚಿದ ಆವೃತ್ತಿಯಲ್ಲಿ ತುಣುಕನ್ನು ಹಿಡಿಯುವ ಬದಲು, ಅದರ ವಿಳಾಸ ಬರೆದಿರುವ ಜಾಗವನ್ನೇ ಹಿಡಿಯಲಾಗುತ್ತದೆ. ಸರಪಳಿಯ ಬುಡದಲ್ಲೂ ಅಂಥದೊಂದು ಜಾಗ ಇದ್ದೇ ಇರುವುದರಿಂದ ಮೊದಲನೆಯದು, ನಡುವಿನದು ಎಂಬ ಭೇದ ಅಳಿದು, ಇಫ್ ಸಾಲು ತಾನಾಗಿ ಉದುರಿಹೋಗುತ್ತದೆ. ಎರಡೂ ಆವೃತ್ತಿಗಳು ಮಾಡುವ ಕೆಲಸ ಒಂದೇ. ಆದರೆ ಅಪವಾದವನ್ನು ನಿಯಮದೊಳಗೇ ಕರಗಿಸಿಕೊಳ್ಳುವ ದೃಷ್ಟಿಯನ್ನು ಅವರು ಒಳ್ಳೆಯ ಅಭಿರುಚಿ ಎಂದು ಕರೆದರು. ಎಂಜಿನಿಯರಿಂಗ್ ಪಠ್ಯಗಳು ವಿರಳವಾಗಿ ಬಳಸುವ, ಸಂಗೀತ ಸಾಹಿತ್ಯಗಳಿಗೇ ಮೀಸಲೆಂದು ತಿಳಿಯಲಾಗಿರುವ ಪದವನ್ನು ಅವರು ಇಲ್ಲಿ ಬಳಸಿದ್ದು ಗಮನಾರ್ಹ.

ಅದೇ ದೃಷ್ಟಿ ಕೋಪದ ರೂಪದಲ್ಲಿ 2025ರ ಆಗಸ್ಟ್‌ನಲ್ಲಿ ಕಾಣಿಸಿಕೊಂಡಿತು. ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸಕ್ಕೆ ಸಂಬಂಧಿಸಿದ ಬದಲಾವಣೆಗಳ ಕಟ್ಟೊಂದನ್ನು ಅವರು ತಡವಾಗಿ ಬಂದ ಕಸವೆಂದು ಕರೆದು ತಿರಸ್ಕರಿಸಿದರು. ಅದರಲ್ಲಿ ಎರಡು 16-ಬಿಟ್ ಸಂಖ್ಯೆಗಳನ್ನು ಜೋಡಿಸಿ ಒಂದು 32-ಬಿಟ್ ಸಂಖ್ಯೆ ಮಾಡುವ ಸಹಾಯಕ ಫಂಕ್ಷನ್ ಒಂದಿತ್ತು. ಅದರ ಹೆಸರನ್ನು ಎಷ್ಟು ಸಲ ಓದಿದರೂ ಎರಡರಲ್ಲಿ ಯಾವುದು ಮೇಲಿನ ಅರ್ಧ, ಯಾವುದು ಕೆಳಗಿನದು ಎಂಬುದು ತಿಳಿಯುತ್ತಿರಲಿಲ್ಲ. ಒಂದನ್ನು 16 ಸ್ಥಾನ ಎಡಕ್ಕೆ ಸರಿಸಿ ಇನ್ನೊಂದನ್ನು ಕೂಡಿಸುವ ಸಾಲನ್ನು ನೇರವಾಗಿ ಬರೆದಿದ್ದರೆ ಓದುವವರಿಗೆ ಎಲ್ಲವೂ ಕಣ್ಣೆದುರೇ ಇರುತ್ತಿತ್ತು ಎಂಬುದು ಅವರ ಆಕ್ಷೇಪ. ಪದ ಕಟುವಾದರೂ ಆಕ್ಷೇಪ ಸರಿಯಾಗಿಯೇ ಇದೆ.

ಬಳಕೆದಾರರ ವಿಷಯದಲ್ಲಿ ಅವರು ಇನ್ನೂ ನಿಷ್ಠುರ. 2012ರ ಡಿಸೆಂಬರಿನಲ್ಲಿ ಕರ್ನಲ್‌ನೊಳಗಿನ ಒಂದು ಬದಲಾವಣೆಯಿಂದ ಹೊರಗಿನ ಆ್ಯಪ್‌ಗಳು ಕೆಟ್ಟಾಗ, ಆ ವಿಭಾಗದ ಹೊಣೆ ಹೊತ್ತ ಮೇಂಟೇನರ್ ತಪ್ಪು ಆ್ಯಪ್‌ನದೇ ಎಂದರು. ಟೋರ್ವಾಲ್ಡ್ಸ್ ಅವರನ್ನು ಎಲ್ಲರೆದುರು ಬೈದು ಬಾಯಿ ಮುಚ್ಚಿಸಿದರು: ಕರ್ನಲ್‌ನ ಹೊರಗೆ ಆ್ಯಪ್‌ಗಳು ಬದುಕುವ ಯೂಸರ್‌ಸ್ಪೇಸ್ ಎಂಬ ವಲಯವನ್ನು ಯಾವ ಕಾರಣಕ್ಕೂ ಮುರಿಯಕೂಡದು, ನಿನ್ನೆ ನಡೆಯುತ್ತಿದ್ದದ್ದು ಇಂದು ನಿಂತರೆ ತಪ್ಪು ಕರ್ನಲ್‌ನದೇ. ಬಳಕೆದಾರರ ಪರವಾಗಿ ಇಷ್ಟು ಗಟ್ಟಿಯಾಗಿ ನಿಂತ ನಿಯಮ ತಂತ್ರಾಂಶ ಲೋಕದಲ್ಲಿ ಅಪರೂಪ. ಆದರೆ ಅದನ್ನು ಹೇಳಲು ಒಬ್ಬ ಸಹೋದ್ಯೋಗಿಯನ್ನು ಹೀನಾಯಗೊಳಿಸಬೇಕಾಗಿತ್ತೇ?

ಈ ಪ್ರಶ್ನೆಯನ್ನು 2013ರಲ್ಲಿ ಒಬ್ಬ ಮಹಿಳಾ ಡೆವಲಪರ್ ನೇರವಾಗಿಯೇ ಎತ್ತಿದರು. ನಯವಾಗಿ ನಟಿಸುವುದು ತನ್ನ ಸ್ವಭಾವಕ್ಕೆ ಒಗ್ಗದು ಎಂಬರ್ಥದ ಉತ್ತರ ಅವರಿಗೆ ಸಿಕ್ಕಿತು. ಮುಖ ಕಾಣದ ಇಮೇಲ್ ವ್ಯವಹಾರದಲ್ಲಿ ಸೂಚ್ಯವಾಗಿ ಹೇಳಿದ್ದು ತಲುಪುವುದಿಲ್ಲ ಎಂಬುದೂ ಟೋರ್ವಾಲ್ಡ್ಸ್ ಅವರ ಸಮರ್ಥನೆಗಳಲ್ಲೊಂದು. ಇದರಲ್ಲಿ ಹುರುಳಿಲ್ಲದಿಲ್ಲ, ಆದರೂ ಪೂರ್ತಿ ಒಪ್ಪಲಾಗದು: ಕರ್ನಲ್‌ಗೆ ಕೋಡ್ ಕಳಿಸುವವರಲ್ಲಿ ಬೆಂಗಳೂರಿನ ಚಿಪ್ ಕಂಪನಿಗಳ ಎಂಜಿನಿಯರ್‌ಗಳೂ ಸೇರಿದಂತೆ ಎಷ್ಟೋ ಮಂದಿಗೆ ಇಂಗ್ಲಿಷ್ ಮನೆಮಾತಲ್ಲ, ಮತ್ತು ಅವರಲ್ಲಿ ಮೊದಲ ಸಲ ಕೋಡ್ ಕಳಿಸಿದವರಿಗೆ ಬೈಗುಳದಲ್ಲಿ ಎಷ್ಟು ಪಾಲು ತಾಂತ್ರಿಕ, ಎಷ್ಟು ಪಾಲು ವೈಯಕ್ತಿಕ ಎಂದು ಸೋಸಿ ತೆಗೆಯುವ ಸಾಧನವಿರುವುದಿಲ್ಲ. (ಸ್ವೀಡಿಷ್ ಮನೆಮಾತಿನ ಟೋರ್ವಾಲ್ಡ್ಸ್‌ರಿಗೂ ಇಂಗ್ಲಿಷ್ ಕಲಿತ ಭಾಷೆಯೇ, ಕಲಿತ ಭಾಷೆಯಲ್ಲಿ ಬೈಯುವವರಿಗೆ ಬೈಗುಳದ ತೂಕ ತಿಳಿಯುವುದು ಕಡಿಮೆ ಎಂಬುದೂ ಇಲ್ಲಿ ಸೇರಿರಬಹುದು.)

2018ರ ಸೆಪ್ಟೆಂಬರ್ 16ರಂದು, ಹೊಸ ಆವೃತ್ತಿಯೊಂದರ ಪ್ರಕಟಣೆಯ ನಡುವೆಯೇ, ಇತರರ ಭಾವನೆಗಳು ತನಗೆ ಅರ್ಥವಾಗುವುದಿಲ್ಲವೆಂದೂ ತನ್ನ ದಾಳಿಗಳು ವೃತ್ತಿಗೆ ತಕ್ಕವಾಗಿರಲಿಲ್ಲವೆಂದೂ ಒಪ್ಪಿಕೊಂಡು, ಅವರು ಕ್ಷಮೆ ಕೇಳಿ ಕೆಲಸದಿಂದ ಬಿಡುವು ಪಡೆದರು. ಅದೇ ಸಮಯದಲ್ಲಿ ಸಮುದಾಯಕ್ಕೊಂದು ನೀತಿಸಂಹಿತೆ ಬಂತು. ಇನ್ನು ಗುಣಮಟ್ಟ ಕುಸಿಯುತ್ತದೆ ಎಂದು ಗೊಣಗಿದವರಿದ್ದರು. ಅಕ್ಟೋಬರಿನಲ್ಲಿ ಅವರ ಬದಲಿಗೆ ಗ್ರೆಗ್ ಕ್ರೋ-ಹಾರ್ಟ್‌ಮನ್ ಎಂಬ ಹಿರಿಯ ಮೇಂಟೇನರ್ 4.19ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿದರು, ಟೋರ್ವಾಲ್ಡ್ಸ್ ಮರಳಿ ಬಂದರು, ಆವೃತ್ತಿಗಳು ಹಿಂದಿನಂತೆಯೇ ಎರಡು ಮೂರು ತಿಂಗಳಿಗೊಂದು ಬರುತ್ತಲೇ ಇವೆ. ಕೋಡನ್ನು ಕಸವೆನ್ನುವುದು ನಿಂತಿಲ್ಲ. ಮನುಷ್ಯರನ್ನು ಹಾಗೆನ್ನುವುದು ಬಹುಮಟ್ಟಿಗೆ ಕಡಿಮೆಯಾಗಿದೆ. ಎರಡೂ ಒಂದೇ ಗುಣದ ಎರಡು ಮುಖ, ಬೇರ್ಪಡಿಸಲಾಗದು ಎಂದು ಕಾಲು ಶತಮಾನ ನಂಬಿದವರಿಗೆ ಈ ಬದಲಾವಣೆಯೇ ಉತ್ತರ.

ಹೊಸ ವಿವಾದಗಳಲ್ಲೂ ಅದೇ ಹಳೆಯ ಪ್ರಶ್ನೆ ಕೆಲಸ ಮಾಡುತ್ತಿದೆ. ಮೆಮೊರಿ ಬಳಕೆಯ ಹಲವು ದೋಷಗಳನ್ನು ಕೋಡ್ ಓಡುವ ಮೊದಲೇ ಹಿಡಿಯುವ ರಸ್ಟ್ ಎಂಬ ಭಾಷೆಗೆ 2022ರ 6.1ನೆಯ ಆವೃತ್ತಿಯಲ್ಲಿ ಪ್ರವೇಶ ಸಿಕ್ಕಿತು; ಸಿ ಭಾಷೆಯಲ್ಲಿ ಪಳಗಿದ ಹಿರಿಯರು ಎರಡು ಭಾಷೆಗಳ ಸಂಸಾರ ತಮ್ಮಿಂದಾಗದು ಎಂದು ಎದುರು ನಿಂತರು. 2025ರ ಫೆಬ್ರುವರಿಯಲ್ಲಿ ಟೋರ್ವಾಲ್ಡ್ಸ್, ರಸ್ಟ್ ಬೇಡದವರು ಅದನ್ನು ಕಲಿಯಬೇಕಾಗಿಲ್ಲ, ಆದರೆ ತಮ್ಮ ವಿಭಾಗದ ಹೊರಗಿರುವ ಕೋಡ್‌ಗೆ ತಡೆಯೊಡ್ಡುವ ಹಕ್ಕೂ ಅವರಿಗಿಲ್ಲ ಎಂದು ಗೆರೆ ಎಳೆದರು. ಅದೇ ಜಗಳವನ್ನು ಸಾಮಾಜಿಕ ಜಾಲತಾಣಕ್ಕೆ ಒಯ್ದ ರಸ್ಟ್ ಪಕ್ಷದವರಿಗೂ ಅವರಿಂದ ಏಟು ಬಿತ್ತು.

ಕೃತಕ ಬುದ್ಧಿಮತ್ತೆಯ ಬಗ್ಗೆ 2024ರಲ್ಲಿ ಅವರು ಹೇಳಿದ್ದು, ಅದರ ಶೇ 90ರಷ್ಟು ಪ್ರಚಾರ, ಶೇ 10ರಷ್ಟು ವಾಸ್ತವ ಎಂದು. ಹಾಗೆಂದು ಅವರು ಅದನ್ನು ಮುಟ್ಟದೆ ಕೂತಿಲ್ಲ. ಗಿಟಾರ್ ಧ್ವನಿಯ ಮೇಲಿನ ತಮ್ಮದೊಂದು ಹವ್ಯಾಸದ ಯೋಜನೆಯಲ್ಲಿ, ತಾವು ಅಷ್ಟಾಗಿ ಅರಿಯದ ಪೈಥಾನ್ ಭಾಷೆಯ ಭಾಗವನ್ನು ಕೃತಕ ಬುದ್ಧಿಮತ್ತೆಯಿಂದಲೇ ಬರೆಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅದು ಕೆಟ್ಟರೆ ಪರದಾಡುವವರು ಅವರೊಬ್ಬರೇ. ಕರ್ನಲ್‌ಗೆ ಬರುವ ಪ್ರತಿ ಬದಲಾವಣೆಯ ಕೆಳಗಾದರೆ 2004ರಿಂದೀಚೆಗೆ ಕಳಿಸಿದವರ ಹೆಸರಿನ ಒಂದು ಒಪ್ಪಿಗೆಯ ಸಾಲು ಇರಬೇಕು; ಯಂತ್ರದಿಂದ ಎಷ್ಟೇ ನೆರವು ಪಡೆದಿದ್ದರೂ ಆ ಸಾಲಿಗೆ ಸಹಿ ಹಾಕಬೇಕಾದವರು ಮನುಷ್ಯರೇ.