ಪೈಪ್ ತೂತಾಗುವ ವರ್ಷ

ಲಗ್ಗೆರೆಯಿಂದ ಪೀಣ್ಯದ ಕಡೆ ಹೋದರೆ ಲೇತ್, ಪ್ಲೇಟಿಂಗ್, ಪೌಡರ್ ಕೋಟಿಂಗ್ ಶೆಡ್ಡುಗಳು ಒತ್ತೊತ್ತಾಗಿ ಸಿಗುತ್ತವೆ. ಗೋಡೆಗುಂಟ ಕಂಪ್ರೆಸರ್ ಲೈನ್ ಇರುತ್ತದೆ. ಬಾಡಿಗೆದಾರರು ಬದಲಾದರೂ ಲೈನ್ ಹಾಗೇ ಉಳಿಯುತ್ತದೆ. ಅದನ್ನು ಹಾಕಿದ್ದು ಯಾವ ವರ್ಷ ಎಂದು ಹೇಳುವವರು ಸಿಗುವುದಿಲ್ಲ. ಆಯುಧಪೂಜೆಗೆ ಮುಂಚೆ ಅದಕ್ಕೊಂದು ಕೋಟ್ ಬಣ್ಣ ಬೀಳುತ್ತದೆ. ಬಣ್ಣದಿಂದ ಹೊರಗಿನ ತುಕ್ಕು ನಿಲ್ಲಬಹುದು, ಆದರೆ ಗಾಳಿ ಲೈನು ಕೆಡುವುದು ಒಳಗಿನಿಂದ.

ಒಳಗೆ ನೀರು ಎಲ್ಲಿಂದ ಬಂತು? ಗಾಳಿಯಿಂದಲೇ. 25 ಡಿಗ್ರಿ ಬಿಸಿಯಿದ್ದು ತೇವಾಂಶ ಶೇ 80 ಇರುವ ಮಳೆಗಾಲದ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಿನಾವಿ ಇರುತ್ತದೆ. ನಿಮಿಷಕ್ಕೆ ಒಂದು ಘನ ಮೀಟರ್ ಎಳೆಯುವ ಸಣ್ಣ ಕಂಪ್ರೆಸರ್ ಎಂಟು ಗಂಟೆ ಓಡಿದರೆ ಒಳಗೆ ಹೋಗುವ ನೀರು ಎಂಟೂವರೆ ಲೀಟರ್. ಏಳು ಬಾರ್ ಒತ್ತಡದಲ್ಲಿ ಗಾಳಿ ತಣ್ಣಗಾದಾಗ ಅದರಲ್ಲಿ ಆರು ಲೀಟರಿಗೂ ಹೆಚ್ಚು ಹನಿಯಾಗಿ ಇಳಿಯುತ್ತದೆ. ಟ್ಯಾಂಕಿನ ಡ್ರೈನ್ ತೆರೆಯದಿದ್ದರೆ ಈ ನೀರು ಲೈನಿಗೆ ಸೇರಿ ತಗ್ಗಿನಲ್ಲಿ ನಿಲ್ಲುತ್ತದೆ.

ನೀರು, ಆಮ್ಲಜನಕ ಎರಡೂ ಸಿಕ್ಕರೆ ಕಬ್ಬಿಣದ ಮೇಲೆ ಪುಟ್ಟ ಪುಟ್ಟ ವಿದ್ಯುತ್ ಕೋಶಗಳೇ ಹುಟ್ಟುತ್ತವೆ. ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು ಕರಗುತ್ತದೆ, ಪಕ್ಕದಲ್ಲಿ ಆಮ್ಲಜನಕ ಅವನ್ನು ಹೀರಿಕೊಳ್ಳುತ್ತದೆ. ಹಿತ್ತಾಳೆ ವಾಲ್ವನ್ನು ನೇರವಾಗಿ ಕಬ್ಬಿಣದ ಪೈಪಿಗೆ ತಿರುಗಿಸಿದ್ದರೆ ಜೋಡಣೆಯ ಬಳಿ ಸವೆತ ಇನ್ನೂ ಜೋರು, ಸವೆಯುವುದು ಕಬ್ಬಿಣವೇ.

ಎಷ್ಟು ಸವೆದಿದೆ ಎಂದು ಪೈಪ್ ಕೊಯ್ಯದೆ ತಿಳಿಯಲು ಅಲ್ಟ್ರಾಸಾನಿಕ್ ಗೇಜ್ ಇದೆ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಹೊರಗಿನಿಂದ ಕಳಿಸಿದ ಶಬ್ದ ಒಳಮೈಗೆ ಬಡಿದು ಮರಳುವ ಸಮಯದಿಂದ ಗೇಜ್ ದಪ್ಪ ಹೇಳುತ್ತದೆ. ಮುಂದಿನದು ಬರೀ ಕಳೆಯುವ, ಭಾಗಿಸುವ ಲೆಕ್ಕ. ಮೊದಲು 3.6 ಮಿ.ಮೀ. ಇದ್ದ ಪೈಪ್ ನಾಲ್ಕು ವರ್ಷಕ್ಕೆ 2.8 ಆಗಿದ್ದರೆ ವರ್ಷಕ್ಕೆ 0.2 ಸವೆತ. ಕನಿಷ್ಠ 2 ಮಿ.ಮೀ. ಬೇಕು ಎಂದು ಇಂಜಿನಿಯರ್ ಹೇಳಿದ್ದರೆ ಉಳಿದಿರುವುದು ಇನ್ನು ನಾಲ್ಕು ವರ್ಷ. ಆ ನಾಲ್ಕು ವರ್ಷ ಕಾಯುವಂತಿಲ್ಲ. ಉಳಿದ ಆಯುಷ್ಯದ ಅರ್ಧ ಮುಗಿಯುವುದರೊಳಗೆ ಮತ್ತೆ ಅಳೆಯಬೇಕು ಎಂಬುದು ರಿಫೈನರಿಗಳು ಪಾಲಿಸುವ ಎಪಿಐ 570 ಸಂಹಿತೆಯ ನಿಯಮ. ಶೆಡ್ಡಿಗೂ ಅದೇ ಸಾಕು. ಪೈಪ್ ಹಾಕಿದ ವರ್ಷ ಗೊತ್ತಿಲ್ಲವೇ? ಇವತ್ತು ಅಳೆದು ಬರೆದಿಡಿ, ವರ್ಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ.

ಅಳೆಯುವುದು ಎಲ್ಲಿ ಎಂಬುದೇ ಮುಖ್ಯ. ನೇರ ಪೈಪಿನ ನಡುವೆ ಗೇಜ್ ಇಟ್ಟು ಸಮಾಧಾನ ಪಟ್ಟರೆ ಏನೂ ತಿಳಿಯುವುದಿಲ್ಲ. ಪೈಪಿನ ತಳಭಾಗ, ಎಲ್ಬೋದ ಹೊರಬಾಗು, ಬಳಸದೆ ಮುಚ್ಚಿಟ್ಟ ಕವಲು, ಇವೇ ಮೊದಲು ಕೆಡುವ ಜಾಗ. ಇನ್ನು ಥ್ರೆಡ್. ಒಂದಿಂಚಿನ ಮೀಡಿಯಂ ಪೈಪಿನ, ಅಂದರೆ ನೀಲಿ ಪಟ್ಟಿ ಬಳಿದದ್ದರ ದಪ್ಪ 3.2 ಮಿ.ಮೀ. ಥ್ರೆಡ್ ಕೊಯ್ದಾಗ ಅದರಲ್ಲಿ ಸುಮಾರು ಒಂದೂವರೆ ಮಿ.ಮೀ. ಹೋಗಿಯೇಬಿಡುತ್ತದೆ. ಲೀಕು ಜಾಯಿಂಟಿನಲ್ಲೇ ಶುರುವಾಗುವುದು ಫಿಟ್ಟರನ ತಪ್ಪಿನಿಂದಲೇ ಆಗಬೇಕಿಲ್ಲ.

ತಡೆಯುವ ಕೆಲಸ ದುಬಾರಿಯಲ್ಲ. ಟ್ಯಾಂಕಿನ ಡ್ರೈನ್ ದಿನಾ ತೆರೆಯಬೇಕು. ಮುಖ್ಯ ಲೈನಿಗೆ ನೂರು ಅಡಿಗೆ ಒಂದಡಿ ಇಳಿಜಾರು ಕೊಟ್ಟು ತುದಿಯಲ್ಲಿ ಡ್ರೈನ್ ಇಡಬೇಕು. ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆದು ಕೆಳಕ್ಕೆ ಬಗ್ಗಿಸಿದರೆ ನೀರು ಮೆಷಿನ್ನಿಗೆ ಇಳಿಯುವುದಿಲ್ಲ. ನೀರಿನ ಲೈನಿನಲ್ಲಿ ಹಿತ್ತಾಳೆಗೂ ಕಬ್ಬಿಣಕ್ಕೂ ನಡುವೆ ವಿದ್ಯುತ್ ಹಾಯದ ಯೂನಿಯನ್ ಹಾಕಬೇಕು.

ಪ್ಲೇಟಿಂಗ್ ಶೆಡ್ಡಿನವರಿಗೆ ಒಂದು ಮಾತು: ಎಸ್‌ಎಸ್ ಪೈಪ್ ಹಾಕಿದರೆ ಚಿಂತೆಯಿಲ್ಲ ಎಂಬುದು ಸುಳ್ಳು ಧೈರ್ಯ. ಪಿಕ್ಲಿಂಗಿಗೆ ಬಳಸುವ ಹೈಡ್ರೋಕ್ಲೋರಿಕ್ ಆಮ್ಲ 304 ದರ್ಜೆಯ ಸ್ಟೀಲನ್ನೂ ತಿನ್ನುತ್ತದೆ. ತಣ್ಣನೆಯ ಆಮ್ಲಕ್ಕೆ ಪಿವಿಸಿ ಅಥವಾ ಪಾಲಿಪ್ರೊಪಿಲೀನ್ ಪೈಪೇ ಸರಿ, ಬೆಲೆಯೂ ಕಡಿಮೆ.