ಜಾಲತಾಣಗಳ ನೆಲೆಯೂ ನೀರಿನ ಲೆಕ್ಕವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಓರೆಗಾನ್ ಪ್ರಾಂತದಲ್ಲಿ, ಕೊಲಂಬಿಯಾ ನದಿಯ ದಡದ ಮೇಲೆ, ದ ಡ್ಯಾಲ್ಸ್ ಎಂಬ ಪಟ್ಟಣವೊಂದಿರುವುದು. ಅಲ್ಲಿಯ ಜನಸಂಖ್ಯೆ ಹದಿನಾರು ಸಾವಿರದ ಆಸುಪಾಸು. 2006ರಲ್ಲಿ ಗೂಗಲ್ ಕಂಪನಿಯವರು ತಮ್ಮ ಸ್ವಂತದ ಮೊದಲನೆಯ ಡೇಟಾ ಸೆಂಟರನ್ನು ಈ ಊರಿನಲ್ಲಿಯೇ ತೆರೆದರು. ಆ ಕೇಂದ್ರವು ಊರಿನ ನೀರನ್ನು ಎಷ್ಟು ಬಳಸುತ್ತದೆಂದು 2021ರಲ್ಲಿ ‘ದಿ ಓರೆಗೋನಿಯನ್’ ಪತ್ರಿಕೆಯವರು ಪುರಸಭೆಯನ್ನು ಕೇಳಿದರು. ಅದು ವ್ಯಾಪಾರದ ಗುಟ್ಟು ಎಂದು ಉತ್ತರ ಬಂದಿತು. ಅಂಕಿಗಳನ್ನು ಕೊಡತಕ್ಕದ್ದೆಂದು ಜಿಲ್ಲೆಯ ಸರಕಾರಿ ವಕೀಲರು ತೀರ್ಮಾನವಿತ್ತಾಗ ಪುರಸಭೆಯವರು ಪತ್ರಿಕೆಯ ಮೇಲೆಯೇ ದಾವೆ ಹೂಡಿದರು. ದಾವೆಯ ಖರ್ಚನ್ನು ಹೊತ್ತವರು ಕಂಪನಿಯವರು. ಒಂದು ವರ್ಷಕ್ಕೂ ಮಿಕ್ಕಿ ನಡೆದ ವ್ಯಾಜ್ಯವು 2022ರ ಡಿಸೆಂಬರಿನಲ್ಲಿ ರಾಜಿಯಾಗಿ, ಅಂಕಿಗಳು ಹೊರಬಿದ್ದುವು. ಊರಿನ ನೀರಿನಲ್ಲಿ ಕಾಲು ಪಾಲಿಗಿಂತಲೂ ಹೆಚ್ಚು ಆ ಒಂದು ಕಂಪನಿಗೆ ಹೋಗುತ್ತಿತ್ತು. ಐದು ವರ್ಷಗಳಲ್ಲಿ ಆ ಮೊತ್ತವು ಹತ್ತಿರ ಹತ್ತಿರ ಮೂರು ಪಟ್ಟಾಗಿತ್ತು. ನೀರು ಊರಿನವರದು, ಕೊಳಾಯಿ ಊರಿನವರದು; ಗುಟ್ಟು ಮಾತ್ರ ಕಂಪನಿಯವರದು!

ದೂರದೇಶದ ಈ ವೃತ್ತಾಂತವನ್ನು ವಾಚಕರ ಮುಂದಿಡುವುದಕ್ಕೆ ಕಾರಣವುಂಟು. ಪತ್ರಿಕೆಯೇ ಆಗಲಿ, ಬ್ಯಾಂಕೇ ಆಗಲಿ, ಮಠವೇ ಆಗಲಿ, ಇಂದು ಜಾಲತಾಣವಿಲ್ಲದ ಸಂಸ್ಥೆ ವಿರಳ. ಆ ತಾಣವು ‘ಕ್ಲೌಡ್’ ಎಂಬ ಮೋಡದಲ್ಲಿ ತೇಲುತ್ತಿದೆಯೆಂದು ಹಲವರು ತಿಳಿದಿರುವರು. ವಾಸ್ತವದಲ್ಲಿ ಅದು ಹೋಸ್ಟಿಂಗ್ ಕಂಪನಿಯವರ ಗಟ್ಟಿ ಕಟ್ಟಡವೊಂದರಲ್ಲಿ, ಸಾಲುಗಟ್ಟಿದ ಸರ್ವರ್ ಯಂತ್ರಗಳೊಳಗೆ, ಯಾರು ಬರಲಿ ಬಿಡಲಿ, ಹಗಲಿರುಳು ಎಚ್ಚತ್ತಿರಬೇಕು. ಆ ಯಂತ್ರಗಳು ಸೇವಿಸಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿ ಪರಿಣಮಿಸುವುದು. ಶಾಖವನ್ನು ಹೊರದೂಡುವುದಕ್ಕೆ ಮತ್ತಷ್ಟು ವಿದ್ಯುತ್ತು ಬೇಕು, ಇಲ್ಲವೆ ನೀರನ್ನು ಆವಿ ಮಾಡಬೇಕು. ವಿದ್ಯುತ್ತನ್ನು ಉಳಿಸಿದೆವೆಂದು ಹೆಮ್ಮೆಪಡುವ ಎಷ್ಟೋ ಕೇಂದ್ರಗಳು ಆ ಉಳಿತಾಯವನ್ನು ನೀರಿನಿಂದ ಕೊಂಡಿರುತ್ತವೆ. 2024ರಲ್ಲಿ ಲೋಕದ ಡೇಟಾ ಸೆಂಟರುಗಳೆಲ್ಲ ಸೇರಿ ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದುವೆಂದೂ, 2030ರ ವೇಳೆಗೆ ಇದು ಇಮ್ಮಡಿಯನ್ನು ಮೀರಬಹುದೆಂದೂ ಅಂತಾರಾಷ್ಟ್ರೀಯ ಶಕ್ತಿ ಸಂಸ್ಥೆಯವರು ಅಂದಾಜು ಮಾಡಿರುವರು. ಐರ್ಲೆಂಡಿನಲ್ಲಿ 2015ರಲ್ಲಿ ದೇಶದ ವಿದ್ಯುತ್ತಿನ ನೂರಕ್ಕೆ 5 ಪಾಲು ಇವಕ್ಕೆ ಸಲ್ಲುತ್ತಿದ್ದುದು, 2023ರಲ್ಲಿ ನೂರಕ್ಕೆ 21 ಆಯಿತು. ಆ ವರ್ಷ ಪಟ್ಟಣಗಳ ಮನೆಗಳೆಲ್ಲ ಕೂಡಿ ಬಳಸಿದ್ದು ನೂರಕ್ಕೆ 18 ಮಾತ್ರ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಫಿನ್‌ಲೆಂಡಿನ ಹಮಿನಾದಲ್ಲಿ ಗೂಗಲ್‌ನವರೇ ಮುಚ್ಚಿಹೋದ ಕಾಗದದ ಗಿರಣಿಯೊಂದನ್ನು 2009ರಲ್ಲಿ ಕೊಂಡು, ಗಿರಣಿಯ ಹಳೆಯ ಸುರಂಗದಿಂದಲೇ ಸಮುದ್ರದ ತಣ್ಣೀರನ್ನು ತಂದು ಯಂತ್ರಗಳನ್ನು ತಣಿಸುತ್ತಿದ್ದಾರೆ. ಕಾಗದದ ಗಿರಣಿಯಲ್ಲಿ ಕಾಗದವಿಲ್ಲದ ಪತ್ರಿಕೆಗಳು ನೆಲೆಸಿದುವು! ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇನ್ಫೊಮೇನಿಯಾಕ್ ಎಂಬ ಹೋಸ್ಟಿಂಗ್ ಸಂಸ್ಥೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಸತಿಬಡಾವಣೆಯೊಂದರ ನೆಲದಡಿಯಲ್ಲಿಯೇ ಕೇಂದ್ರವನ್ನು ಕಟ್ಟಿ, 2025ರ ಜನವರಿಯಲ್ಲಿ ಉದ್ಘಾಟಿಸಿದರು. ಅಲ್ಲಿಯ ಶಾಖವು ಊರಿನ ಬಿಸಿನೀರಿನ ಕೊಳವೆಗಳನ್ನು ಸೇರುವುದು. ಪೂರ್ಣಪ್ರಮಾಣದಲ್ಲಿ ನಡೆದಾಗ ಚಳಿಗಾಲದಲ್ಲಿ ಆರು ಸಾವಿರ ಮನೆಗಳನ್ನು ಬೆಚ್ಚಗಿಡುವುದು ಅವರ ಲೆಕ್ಕ. ಸರ್ವರುಗಳನ್ನು ಹದಿನೈದು ವರ್ಷಗಳವರೆಗೂ ದುಡಿಸಿಕೊಳ್ಳುವುದು ಅವರ ಪದ್ಧತಿ. ಹೊಸ ಯಂತ್ರದ ಆಶೆಗೆ ಹಳೆಯದನ್ನು ಗುಜರಿಗೆ ಎಸೆಯದಿರುವುದೂ ದೊಡ್ಡ ಉಪಕಾರವೇ.

ಚಳಿದೇಶದ ಈ ಉಪಾಯಗಳು ನಮಗೆ ಹಾಗೆಯೇ ಒದಗಲಾರವು. ಬೆಂಗಳೂರಿನ ಮನೆಗಳಿಗೆ ಶಾಖ ಬೇಕಿಲ್ಲ. ಆದರೆ ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರು ಎತ್ತರದ ಈ ಊರಿನ ರಾತ್ರಿಯ ತಂಗಾಳಿಯನ್ನು ಬಳಸಿಕೊಳ್ಳಬಹುದು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿರುವಾಗ, ಅಂತಹ ನೀರು ಯಂತ್ರಗಳನ್ನು ತಣಿಸಲಾರದೆ? ಸುಮಾರು ನೂರು ಕಿಲೋಮೀಟರು ದೂರದಿಂದ ಪಂಪುಗಳಿಟ್ಟು ಏರಿಸಿ ತಂದ ಕಾವೇರಿಯನ್ನು ಆವಿ ಮಾಡಿ ಗಾಳಿಗೆ ಬಿಡುವುದು ಯಾವ ನ್ಯಾಯ? 2024ರ ಮಾರ್ಚಿಯಲ್ಲಿ ಇದೇ ನಗರದವರು ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತುದನ್ನು ಯಾರೂ ಮರೆತಿಲ್ಲ.

ನಮ್ಮ ಪತ್ರಿಕೆಯ ಜಾಲತಾಣವನ್ನು ಇಟ್ಟುಕೊಂಡಿರುವ ಸಂಸ್ಥೆಯವರಿಗೆ ನಾವು ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದೆವು: ನಮ್ಮ ತಾಣವು ಯಾವ ಊರಿನಲ್ಲಿದೆ? ಅಲ್ಲಿ ಎಷ್ಟು ನೀರು ಖರ್ಚಾಗುತ್ತದೆ? ರಾತ್ರಿ ಹತ್ತು ಗಂಟೆಯ ಮೇಲೆ ಅಲ್ಲಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಉತ್ತರವಾಗಿ ಹಸಿರು ಎಲೆಯ ಚಿತ್ರವಿದ್ದ ಪ್ರಮಾಣಪತ್ರವೊಂದು ಬಂದಿತು. ಇಂತಹ ಪ್ರಮಾಣಪತ್ರಗಳು ಸಾಮಾನ್ಯವಾಗಿ ಹೇಳುವುದಿಷ್ಟೇ: ವರ್ಷದಲ್ಲಿ ಬಳಸಿದಷ್ಟು ವಿದ್ಯುತ್ತಿಗೆ ಸಮನಾಗಿ ಎಲ್ಲಿಯೋ ಒಂದು ಕಡೆ ಬಿಸಿಲಿನ ಅಥವಾ ಗಾಳಿಯ ವಿದ್ಯುತ್ತನ್ನು ಕೊಂಡದ್ದಾಗಿದೆ ಎಂದು. ಪಾವಗಡದ 2,050 ಮೆಗಾವಾಟಿನ ಸೌರಸ್ಥಾವರವು ಸೂರ್ಯ ಮುಳುಗಿದ ಮೇಲೆ ನಿದ್ರಿಸುವುದು, ಜಾಲತಾಣಕ್ಕಾದರೋ ನಿದ್ರೆಯಿಲ್ಲ. ಹಗಲಿನ ಲೆಕ್ಕವನ್ನು ಪಾವಗಡದ ಹೆಸರಿಗೆ ಬರೆದು, ಇರುಳು ರಾಯಚೂರಿನ ಕಲ್ಲಿದ್ದಲನ್ನು ಸುಟ್ಟರೆ ಹೊಗೆಯು ಕಡಿಮೆಯಾದೀತೆ? ಗೂಗಲ್‌ನವರು 2017ರಿಂದ ವಾರ್ಷಿಕ ಲೆಕ್ಕವನ್ನು ಪೂರ್ತಿ ಸರಿದೂಗಿಸುತ್ತ ಬಂದವರು. ಆದರೂ 2023ರಲ್ಲಿ ಅವರ ಮಾಲಿನ್ಯವು 2019ಕ್ಕಿಂತ ನೂರಕ್ಕೆ 48ರಷ್ಟು ಏರಿತ್ತೆಂದು ಅವರ ವರದಿಯೇ ಒಪ್ಪಿಕೊಂಡಿದೆ. ಗಂಟೆಗಂಟೆಯ ಬಳಕೆಗೆ ಆಯಾ ಗಂಟೆಯ, ಆಯಾ ಪ್ರಾಂತದ ನಿರ್ಮಲ ವಿದ್ಯುತ್ತನ್ನೇ ಹೊಂದಿಸಬೇಕೆಂಬ ಗುರಿಯನ್ನು ಅವರೇ ಹಾಕಿಕೊಂಡಿರುವುದು ಈ ಕಾರಣದಿಂದಲೇ.

ತಾಣದ ಒಡೆಯರ ಪಾಲೂ ಇದರಲ್ಲಿ ಸ್ವಲ್ಪವಲ್ಲ. 2010ರ ಕೊನೆಗೆ ಅರ್ಧ ಮೆಗಾಬೈಟಿನ ಆಸುಪಾಸಿನಲ್ಲಿದ್ದ ಸಾಧಾರಣ ಜಾಲಪುಟವು 2024ರಲ್ಲಿ ಎರಡೂವರೆ ಮೆಗಾಬೈಟನ್ನು ದಾಟಿತ್ತು. ಓದುವ ಅಕ್ಷರಗಳು ಬೆಳೆದುದರಿಂದ ಹೀಗಾಗಲಿಲ್ಲ. ಚಿತ್ರಗಳೂ, ಓದುಗನ ಬೆನ್ನುಹತ್ತುವ ಜಾಹಿರಾತಿನ ಸ್ಕ್ರಿಪ್ಟುಗಳೂ ಹೊರೆಯಾದುವು. ಪತ್ರಿಕೆಗಳವರಾದ ನಾವೇ ಇದರಲ್ಲಿ ಮುಂದಾಳುಗಳೆಂಬುದು ಸುಳ್ಳಲ್ಲ.

ಐರೋಪ್ಯ ಒಕ್ಕೂಟದವರು 2023ರ ನಿರ್ದೇಶದ ಮೂಲಕ, 500 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಕೇಂದ್ರಗಳು ತಮ್ಮ ವಿದ್ಯುತ್ತಿನ, ನೀರಿನ ಲೆಕ್ಕವನ್ನು ಒಪ್ಪಿಸತಕ್ಕದ್ದೆಂದು ವಿಧಿಸಿರುವರು. ಡೇಟಾ ಸೆಂಟರುಗಳನ್ನು ಕರೆಯುವುದಕ್ಕೆ ಕರ್ನಾಟಕ ಸರಕಾರದವರು 2022ರಲ್ಲಿ ಒಂದು ನೀತಿಯನ್ನೇ ಹೊರಡಿಸಿದರು. ಕರೆಯಲಿ, ಬೇಡವೆನ್ನುವವರು ನಾವಲ್ಲ. ಆದರೆ ಭೂಮಿ, ವಿದ್ಯುತ್ತುಗಳಲ್ಲಿ ರಿಯಾಯಿತಿ ಪಡೆಯುವ ಪ್ರತಿಯೊಂದು ಕೇಂದ್ರದ ನೀರಿನ ಅಂಕಿಯೂ ತಿಂಗಳು ತಿಂಗಳು ಪ್ರಕಟವಾಗಬೇಕೆಂಬ ಷರತ್ತನ್ನು ಮೊದಲು ಹಾಕಲಿ. ನಮ್ಮ 2005ರ ಮಾಹಿತಿ ಹಕ್ಕಿನ ಶಾಸನದ ಎಂಟನೆಯ ಪ್ರಕರಣದಲ್ಲಿಯೂ ವ್ಯಾಪಾರದ ಗುಟ್ಟಿಗೆ ರಕ್ಷಣೆಯುಂಟು. ಸಾರ್ವಜನಿಕ ಹಿತವು ದೊಡ್ಡದಾದಲ್ಲಿ ಆ ರಕ್ಷಣೆ ನಿಲ್ಲಲಾರದೆಂಬ ಮಾತೂ ಅಲ್ಲಿಯೇ ಇದೆ. ನೀರಿನ ಕೊಳಾಯಿಯ ಮೀಟರು ಆ ಗುಟ್ಟಿನೊಳಗೆ ಸೇರುವುದೋ ಇಲ್ಲವೋ ಎಂಬುದನ್ನು, ದಾವೆ ಹೂಡುವವರು ಹುಟ್ಟಿಕೊಳ್ಳುವ ಮುಂಚೆಯೇ, ಸರಕಾರದವರು ಸ್ಪಷ್ಟಪಡಿಸಲಿ.